ಆಕ್ಟಿವಾ ಅತ್ತಿಗುಂಡಿ ಏರು ಹತ್ತುತ್ತಿಲ್ಲ: ಬೋರ್ ಕಿಟ್ ಹಾಕಿಸಲಾ, ರೋಲರ್ ಬದಲಿಸಲಾ?

ಅತ್ತಿಗುಂಡಿ ಏರು · ಮೇ 12, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನನ್ನದು 2016ರ ಆಕ್ಟಿವಾ 3ಜಿ, ಕಾರ್ಬುರೇಟರ್ ಗಾಡಿ. 68,400 ಕಿ.ಮೀ. ಓಡಿದೆ. ಕೆಲಸ ಚಿಕ್ಕಮಗಳೂರು ಪೇಟೆಯಲ್ಲಿ, ಮನೆ ಬಾಬಾಬುಡನ್‌ಗಿರಿ ರಸ್ತೆಯ ಅತ್ತಿಗುಂಡಿ ಹತ್ತಿರ. ಬೆಳಗ್ಗೆ ಇಳಿಯುವುದು, ಸಂಜೆ ಹತ್ತುವುದು, ಗಾಡಿಯ ಜೀವನ ಅಷ್ಟೇ.

ಮೊದಲೆಲ್ಲ ಹೆಂಡತಿಯನ್ನು ಕೂರಿಸಿಕೊಂಡು, ಕಾಲ ಬಳಿ ಸಂತೆ ಚೀಲ ಇಟ್ಟುಕೊಂಡು ಆರಾಮಾಗಿ ಮೂವತ್ತರಲ್ಲಿ ಹತ್ತುತ್ತಿತ್ತು. ಈಗ ಕೈಮರ ದಾಟಿ ತಿರುವು ಶುರುವಾದರೆ ಸಾಕು, 18–20ರಲ್ಲಿ ತೆವಳುತ್ತದೆ. ಮೊನ್ನೆ ಒಂದು ಹೇರ್‌ಪಿನ್‌ನಲ್ಲಿ ಹೆಂಡತಿ ಇಳಿದು ನಡೆದಳು. ನಡೆದವಳೇ ಮೊದಲು ಮೇಲೆ ಮುಟ್ಟಿದಳು ಅಂತ ಈಗ ನೆಂಟರಿಗೆಲ್ಲ ಫೋನ್ ಮಾಡಿ ಹೇಳುತ್ತಿದ್ದಾಳೆ.

ಪೇಟೆಯ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಗಾಡಿ ಬಿಚ್ಚಲೇ ಇಲ್ಲ. ಒಂದು ರೌಂಡ್ ಹೊಡೆದು ಬಂದು, "110 ಸಿಸಿಗೆ ಇಷ್ಟೇ ಸಾರ್, ಬೋರ್ ಕಿಟ್ ಹಾಕಿ, ಹಗುರ ರೋಲರ್ ಹಾಕಿ, ಫ್ರೀ ಫ್ಲೋ ಸೈಲೆನ್ಸರ್ ಹಾಕಿ, ಬೈಕ್ ಥರ ಹತ್ತುತ್ತೆ" ಅಂದರು. ಬೋರ್ ಕಿಟ್ ಅಂದರೆ ದೊಡ್ಡ ಪಿಸ್ಟನ್, ಸಿಲಿಂಡರ್ ಅಂತೆ. 11,000 ರೂಪಾಯಿ ಹೇಳಿದ್ದಾರೆ. ಹಾಕಿಸಲಾ? ಮಳೆ ಹಿಡಿಯುವ ಮೊದಲು ಏನಾದರೂ ಮಾಡಲೇಬೇಕು.

ಫೈನಲ್ ಇಯರ್ ಹುಡುಗ · ಮೇ 12, ರಾತ್ರಿ 9:41

ಹಾಕಿಸಿ ಅಣ್ಣ, ಯೋಚನೆನೇ ಬೇಡ. ನನ್ನ ಎನ್‌ಟಾರ್ಕ್ ಸ್ಕೂಟರ್‌ಗೆ ಫ್ರೀ ಫ್ಲೋ ಸೈಲೆನ್ಸರ್ ಹಾಕಿದ ಮೇಲೆ ಸೌಂಡೇ ಬೇರೆ. ಕಡೂರು ರೋಡಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ.

ಅರೇಬಿಕಾ ಅಕ್ಕ · ಮೇ 12, ರಾತ್ರಿ 9:58

ತಿರುಗಿ ನೋಡುವುದು ಬೈಯುವುದಕ್ಕೆ ತಮ್ಮಾ.

10-12 ಸ್ಪ್ಯಾನರ್ · ಮೇ 12, ರಾತ್ರಿ 10:15

ಹಾಸನದಲ್ಲಿ ಗ್ಯಾರೇಜ್ ಇಟ್ಟುಕೊಂಡು ಇಪ್ಪತ್ತು ವರ್ಷ ಆಯಿತು. ಮೊದಲು ಒಂದು ಪ್ರಶ್ನೆ. ಏರಿನಲ್ಲಿ ಫುಲ್ ಆಕ್ಸಿಲರೇಟರ್ ಕೊಟ್ಟಾಗ ಇಂಜಿನ್ ಕಿರಚುತ್ತದಾ, ಗುರುಗುಟ್ಟುತ್ತದಾ? ಕಿರಚಿಯೂ ಗಾಡಿ ಮುಂದೆ ಹೋಗದಿದ್ದರೆ ಒಂದು ಕಾಯಿಲೆ. ಬೈಕಿನಲ್ಲಿ ಮೂರನೇ ಗೇರಲ್ಲೇ ಏರು ಹತ್ತಿದ ಹಾಗೆ ಗುರ್ ಗುರ್ ಅಂದರೆ ಇನ್ನೊಂದು ಕಾಯಿಲೆ. ಇದನ್ನು ಹೇಳದೆ ಔಷಧಿ ಕೇಳಬೇಡಿ.

ಬೆಲ್ಟ್, ರೋಲರ್ ಯಾವಾಗ ಬದಲಿಸಿದ್ದು ಅಂತಲೂ ಹೇಳಿ.

ಅತ್ತಿಗುಂಡಿ ಏರು · ಮೇ 13, ಬೆಳಗ್ಗೆ 7:05

ಈಗ ಇಳಿಯುವ ಮೊದಲು ಮನೆ ಮುಂದಿನ ಏರಿನಲ್ಲಿ ನೋಡಿದೆ. ಗುರುಗುಟ್ಟುತ್ತದೆ. ಉಸಿರು ಕಟ್ಟಿದ ಹಾಗೆ. ಒಮ್ಮೆ ಪೂರ್ತಿ ನಿಲ್ಲಿಸಿ ಮತ್ತೆ ಹೊರಟರೆ ಒಂದೈವತ್ತು ಅಡಿ ಚೆನ್ನಾಗಿ ಎಳೆಯುತ್ತದೆ, ಆಮೇಲೆ ಮತ್ತೆ ಅದೇ.

ಬೆಲ್ಟ್ 31,000ದಲ್ಲಿ ಬದಲಿಸಿದ್ದು ನೆನಪಿದೆ. ರೋಲರ್ ಅಂದರೆ ಏನು ಅಂತ ಮೊನ್ನೆ ಗ್ಯಾರೇಜಲ್ಲಿ ಹೇಳಿದಾಗಲೇ ಗೊತ್ತಾಗಿದ್ದು. ಪ್ಲಗ್ ಬಿಚ್ಚಿ ನೋಡಿದೆ, ತುದಿ ಕಾಡಿಗೆ ಹಚ್ಚಿದ ಹಾಗೆ ಕಪ್ಪಾಗಿದೆ.

10-12 ಸ್ಪ್ಯಾನರ್ · ಮೇ 13, ಬೆಳಗ್ಗೆ 7:30

ನಿಲ್ಲಿಸಿ ಹೊರಟರೆ ಎಳೆಯುತ್ತದೆ ಅಂದಿರಲ್ಲ, ಅಲ್ಲೇ ಉತ್ತರ ಇದೆ. ಗಿರಾಕಿ ಕಾಯುತ್ತಿದ್ದಾರೆ, ರಾತ್ರಿ ಬರೆಯುತ್ತೇನೆ. ಅಲ್ಲಿವರೆಗೆ 11,000 ರೂಪಾಯಿ ಜೇಬಲ್ಲೇ ಇರಲಿ.

ಚೇತಕ್ ಮೇಷ್ಟ್ರು · ಮೇ 13, ಮಧ್ಯಾಹ್ನ 2:10

ನಾನು ಬೇಲೂರಿನವನು. ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರ್ ಆದವನು. ಸ್ಪ್ಯಾನರ್ ಅವರು ಬರುವಷ್ಟರಲ್ಲಿ ಒಂದು ಲೆಕ್ಕ ಮಾಡಿಬಿಡೋಣ. "110 ಸಿಸಿಗೆ ಇಷ್ಟೇ" ಅಂದರಲ್ಲ, ಅದು ನಿಜವಾ ನೋಡೋಣ.

ಗಾಡಿ ಸುಮಾರು 110 ಕೆ.ಜಿ. ನೀವಿಬ್ಬರು 130 ಅಂತ ಇಟ್ಟುಕೊಳ್ಳಿ. ಸಂತೆ ಚೀಲ 10. ಒಟ್ಟು 250 ಕೆ.ಜಿ. ಏರು ನೂರಕ್ಕೆ ಹತ್ತು ಅಂದುಕೊಳ್ಳೋಣ, ಅಂದರೆ ನೂರು ಮೀಟರ್ ಮುಂದೆ ಹೋದರೆ ಹತ್ತು ಮೀಟರ್ ಮೇಲೆ. ಹಿಂದಕ್ಕೆ ಎಳೆಯುವ ಬಲ 250 × 9.8 × 0.1, ಅಂದರೆ 245 ನ್ಯೂಟನ್. ಗಂಟೆಗೆ 30 ಕಿ.ಮೀ. ಅಂದರೆ ಸೆಕೆಂಡಿಗೆ 8.3 ಮೀಟರ್. ಎರಡನ್ನೂ ಗುಣಿಸಿದರೆ ಸುಮಾರು 2,030 ವಾಟ್. ಅಂದರೆ ಮೂರು ಕುದುರೆ ಶಕ್ತಿಯೂ ಅಲ್ಲ, ಮೂರಕ್ಕೆ ಕಾಲು ಕಮ್ಮಿ. ಟೈರ್ ಉರುಳುವುದಕ್ಕೆ ಇನ್ನು ಅರ್ಧ ಕುದುರೆ ಶಕ್ತಿ ಸೇರಿಸಿ. ಬೆಲ್ಟು, ಗೇರುಗಳಲ್ಲಿ ಕಾಲುಭಾಗ ಕಳೆದುಹೋಗುತ್ತದೆ ಅಂತ ಇಟ್ಟುಕೊಂಡರೂ ಇಂಜಿನ್ ಕೊಡಬೇಕಾದ್ದು ಸುಮಾರು ನಾಲ್ಕೂವರೆ ಕುದುರೆ ಶಕ್ತಿ.

ನಿಮ್ಮ ಆಕ್ಟಿವಾದ್ದು ಎಂಟು ಕುದುರೆ ಶಕ್ತಿ, ಅದೂ 7,500 ಆರ್‌ಪಿಎಂನಲ್ಲಿ. ಅದು ಸಮುದ್ರ ಮಟ್ಟದ ಲೆಕ್ಕ. ಚಿಕ್ಕಮಗಳೂರು ಪೇಟೆಯೇ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ನೂರಕ್ಕೆ ಹನ್ನೆರಡರಷ್ಟು ಕಮ್ಮಿ. ಮುಳ್ಳಯ್ಯನಗಿರಿ ತುದಿ 1,930 ಮೀಟರ್, ಅಲ್ಲಿ ಇಪ್ಪತ್ತರಷ್ಟು ಕಮ್ಮಿ. ಗಾಳಿ ಕಮ್ಮಿ ಆದರೆ ಸುಡುವ ಪೆಟ್ರೋಲೂ ಕಮ್ಮಿ. ಎಂಟಿದ್ದದ್ದು ಪೇಟೆಯಲ್ಲಿ ಏಳು, ಗಿರಿಯ ತುದಿಯಲ್ಲಿ ಆರೂವರೆ ಆಗುತ್ತದೆ.

ಬೇಕಾದ್ದು ನಾಲ್ಕೂವರೆ, ಇರುವುದು ಆರೂವರೆ. ಆದರೂ ಹತ್ತುತ್ತಿಲ್ಲ ಅಂದರೆ ಇಂಜಿನ್ ಚಿಕ್ಕದಾಯಿತು ಅಂತಲ್ಲ. ಶಕ್ತಿ ದಾರಿಯಲ್ಲಿ ಎಲ್ಲೋ ಕಳೆದುಹೋಗುತ್ತಿದೆ, ಅಥವಾ ಇಂಜಿನ್‌ಗೆ ಆ ಆರ್‌ಪಿಎಂ ಮುಟ್ಟಲು ಯಾರೋ ಬಿಡುತ್ತಿಲ್ಲ.

ಅರೇಬಿಕಾ ಅಕ್ಕ · ಮೇ 13, ಮಧ್ಯಾಹ್ನ 2:25

ಮೇಷ್ಟ್ರೇ, ಹೆಂಡತಿ ತೂಕ ಎಷ್ಟು ಇಟ್ಟುಕೊಂಡಿರಿ ಅಂತ ಅವರು ಓದಿದರೆ ಕಷ್ಟ.

10-12 ಸ್ಪ್ಯಾನರ್ · ಮೇ 13, ರಾತ್ರಿ 10:40

ಮೇಷ್ಟ್ರ ಲೆಕ್ಕ ಸರಿ ಇದೆ. ಆ "ಯಾರೋ" ಯಾರು ಅಂತ ನಾನು ಹೇಳುತ್ತೇನೆ.

ಸ್ಕೂಟರ್‌ನಲ್ಲಿ ಗೇರ್ ಇಲ್ಲ ಅನ್ನುತ್ತೇವೆ, ನಿಜ ಅಂದರೆ ಲೆಕ್ಕವಿಲ್ಲದಷ್ಟು ಗೇರ್ ಇದೆ. ಎಡಗಡೆ ಕವರ್ ಬಿಚ್ಚಿದರೆ ಮುಂದೆ ಒಂದು ರಾಟೆ, ಹಿಂದೆ ಒಂದು ರಾಟೆ, ಮಧ್ಯೆ ಬೆಲ್ಟ್. ಮುಂದಿನದ್ದೇ ವೇರಿಯೇಟರ್. ಅದರೊಳಗೆ ಆರು ರೋಲರ್ ಇರುತ್ತವೆ, ನೈಲಾನ್ ಹೊದಿಕೆಯ ಸಣ್ಣ ಉರುಳೆಗಳು. ಇಂಜಿನ್ ಜೋರಾಗಿ ತಿರುಗಿದಂತೆ ರೋಲರ್‌ಗಳು ಹೊರಕ್ಕೆ ಸರಿಯುತ್ತವೆ, ರಾಟೆಯ ಎರಡು ಪ್ಲೇಟ್ ಹತ್ತಿರ ಆಗುತ್ತವೆ, ಬೆಲ್ಟ್ ಮೇಲಕ್ಕೆ ಏರುತ್ತದೆ. ಅದು ಟಾಪ್ ಗೇರ್. ಏರು ಬಂದು ಇಂಜಿನ್ ನಿಧಾನ ಆದರೆ ರೋಲರ್ ಒಳಕ್ಕೆ ವಾಪಸ್ ಬರಬೇಕು, ಬೆಲ್ಟ್ ಕೆಳಕ್ಕೆ ಇಳಿಯಬೇಕು. ಅದು ಫಸ್ಟ್ ಗೇರ್.

ಹಳೆ ರೋಲರ್ ದುಂಡಗೆ ಇರುವುದಿಲ್ಲ. ಒಂದು ಕಡೆ ಸವೆದು ಚಪ್ಪಟೆ ಆಗಿರುತ್ತದೆ. ಚಪ್ಪಟೆ ಆದದ್ದು ಉರುಳುವುದಿಲ್ಲ, ಇದ್ದಲ್ಲೇ ಕೂರುತ್ತದೆ. ಹಿಂದಿನ ರಾಟೆಯಲ್ಲೂ ಗೈಡ್ ಪಿನ್ ಓಡುವ ಓರೆ ಸೀಳುಗಳಿವೆ. ಏರಿನ ಭಾರ ಬಿದ್ದಾಗ ಬೆಲ್ಟನ್ನು ಎಳೆದು ಗೇರ್ ಇಳಿಸುವುದು ಆ ಪಿನ್ನುಗಳೇ. ಗ್ರೀಸ್ ಒಣಗಿದ್ದರೆ ಅವೂ ಹಿಡಿದುಕೊಳ್ಳುತ್ತವೆ. ಆಗ ಗಾಡಿ ಮೂರನೇ ಗೇರಲ್ಲೇ ಏರು ಹತ್ತುತ್ತದೆ, ನೀವು ಹೇಳಿದ ಹಾಗೆ ಗುರುಗುಟ್ಟಿಕೊಂಡು. ನಿಲ್ಲಿಸಿ ಹೊರಟಾಗ ಎಲ್ಲ ಒಮ್ಮೆ ಸಡಿಲ ಆಗಿ ಫಸ್ಟ್ ಗೇರಿಗೆ ಬಂದಿರುತ್ತದೆ, ಅದಕ್ಕೆ ಐವತ್ತು ಅಡಿ ಎಳೆಯುತ್ತದೆ.

ಕಿರಚಿಕೊಂಡೂ ಹೋಗದಿದ್ದರೆ ಬೆಲ್ಟ್ ಜಾರುತ್ತಿದೆ ಅಥವಾ ಕ್ಲಚ್ ಶೂ ಮುಗಿದಿದೆ ಅನ್ನಬಹುದಿತ್ತು. ನಿಮ್ಮದು ಅದಲ್ಲ. ಆದರೂ ಬೆಲ್ಟ್ 37,000 ಓಡಿದೆ. ಕಂಪನಿ ಪುಸ್ತಕದಲ್ಲಿ 24,000ಕ್ಕೆ ಬದಲಿಸಿ ಅಂತ ಇದೆ. ನಮ್ಮ ಘಟ್ಟದ ಕಡೆ ಅಷ್ಟು ದಿನವೂ ಕಾಯಬೇಡಿ. ಕತ್ತಲಲ್ಲಿ ಕಾಡಿನ ಮಧ್ಯೆ ಕಿತ್ತುಹೋದರೆ ತಳ್ಳಬೇಕು, ಬೇರೆ ದಾರಿ ಇಲ್ಲ.

ಬೋರ್ ಕಿಟ್ ಬಗ್ಗೆ. ಇಂಜಿನ್ ದೊಡ್ಡದು ಮಾಡಿದರೂ ವೇರಿಯೇಟರ್ ಹಿಡಿದುಕೊಂಡಿದ್ದರೆ ಅದೇ ಕಥೆ. ಜೊತೆಗೆ ಶಾಖ ಜಾಸ್ತಿ. ಇದು ಫ್ಯಾನ್ ಗಾಳಿಯಲ್ಲಿ ತಣ್ಣಗಾಗುವ ಇಂಜಿನ್, ಇಪ್ಪತ್ತರ ವೇಗದಲ್ಲಿ ಅರ್ಧ ಗಂಟೆ ಏರು ಹತ್ತಿಸಿದರೆ ಮೊದಲು ಬೇಯುವುದೇ ದೊಡ್ಡ ಪಿಸ್ಟನ್. ಅದೇ ಹಳೆ ಕ್ರ್ಯಾಂಕ್, ಅದೇ ಬೇರಿಂಗ್ ಎಷ್ಟು ದಿನ ತಡೆಯುತ್ತದೆ? ನನ್ನ ಹತ್ತಿರ ಹೀಗೆ ಮಾಡಿಸಿಕೊಂಡ ಗಾಡಿಗಳು ಬರುತ್ತವೆ, ಹೆಚ್ಚಿನವು ವಾಪಸ್ ಸ್ಟಾಕ್, ಅಂದರೆ ಕಂಪನಿ ಕೊಟ್ಟ ಹಾಗೆ, ಮಾಡಿಕೊಡಿ ಅಂತಲೇ ಬರುವುದು.

ಫೈನಲ್ ಇಯರ್ ಹುಡುಗ · ಮೇ 13, ರಾತ್ರಿ 11:02

ಹಗುರ ರೋಲರ್ ಆದರೂ ಹಾಕಬಹುದಲ್ವಾ? ಯೂಟ್ಯೂಬಲ್ಲಿ ಎಲ್ಲರೂ ಪಿಕಪ್ ಬರುತ್ತೆ ಅನ್ನುತ್ತಾರೆ.

10-12 ಸ್ಪ್ಯಾನರ್ · ಮೇ 13, ರಾತ್ರಿ 11:20

ಬರುತ್ತದೆ, ಸುಳ್ಳಲ್ಲ. ಹಗುರ ರೋಲರ್ ಹೊರಕ್ಕೆ ಹೋಗಲು ಜಾಸ್ತಿ ಆರ್‌ಪಿಎಂ ಬೇಕು, ಅದರಿಂದ ಗಾಡಿ ಲೋ ಗೇರಲ್ಲೇ ಹೆಚ್ಚು ಹೊತ್ತು ಇರುತ್ತದೆ. ಶಕ್ತಿ ಹೊಸದಾಗಿ ಹುಟ್ಟುವುದಿಲ್ಲ. ಸೆಕೆಂಡ್ ಗೇರಲ್ಲಿ ಬೈಕ್ ಓಡಿಸಿದ ಹಾಗೆ ಅಷ್ಟೇ. ಸಪಾಟು ರಸ್ತೆಯಲ್ಲಿ ಇಂಜಿನ್ ಸುಮ್ನೆ ಕೂಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಪೂರ್ತಿ ಘಟ್ಟದಲ್ಲೇ ಓಡುವ ಗಾಡಿಗೆ ಒಂದೊಂದು ರೋಲರ್‌ಗೆ ಅರ್ಧ ಗ್ರಾಂ, ಹೆಚ್ಚೆಂದರೆ ಒಂದು ಗ್ರಾಂ ಕಮ್ಮಿ ಹಾಕಿ ಕೊಟ್ಟಿದ್ದೇನೆ. ಆದರೆ ಮೊದಲು ಸ್ಟಾಕ್ ತೂಕದ ಹೊಸ ರೋಲರ್ ಹಾಕಿ ಓಡಿಸಿ ನೋಡಿ, ಆಮೇಲೆ ಮಾತು. ಹೊಸದು ಹಾಕಿದ ಖುಷಿಯನ್ನು ಹಗುರದ ಖುಷಿ ಅಂದುಕೊಂಡವರೇ ಯೂಟ್ಯೂಬಲ್ಲಿ ಜಾಸ್ತಿ.

ನಿನ್ನ ಸೈಲೆನ್ಸರ್ ವಿಷಯ. ಎನ್‌ಟಾರ್ಕ್ ಬಿಎಸ್6 ಆದರೆ ಅದರಲ್ಲಿ ಆಕ್ಸಿಜನ್ ಸೆನ್ಸರ್ ಇದೆ, ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಲೋಕಲ್ ಪೈಪ್ ಹಾಕಿದರೆ ಇಂಜೆಕ್ಷನ್ ಕಂಪ್ಯೂಟರ್‌ಗೆ ತಲೆ ಕೆಡುತ್ತದೆ. ಏರಿನಲ್ಲಿ ಬೇಕಾದ ಕೆಳಗಿನ ಎಳೆತವೇ ಹೋಗುತ್ತದೆ, ಸಿಗುವುದು ಸೌಂಡ್ ಮಾತ್ರ.

ಚೇತಕ್ ಮೇಷ್ಟ್ರು · ಮೇ 14, ಬೆಳಗ್ಗೆ 6:15

ಕಾನೂನೂ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ 182ಎ ಬಂತು, ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಸದ್ದು ಮತ್ತು ಹೊಗೆಗೆ 190(2), ಮೊದಲ ಸಲವೇ 10,000ದವರೆಗೆ. ಬೋರ್ ಕಿಟ್ ಹಾಕಿದರೆ ಆರ್‌ಸಿಯಲ್ಲಿರುವ ಸಿಸಿ ಒಂದು, ಇಂಜಿನ್‌ನಲ್ಲಿರುವುದು ಇನ್ನೊಂದು. ನಾಳೆ ಏನಾದರೂ ಆಗಿ ಇನ್ಶೂರೆನ್ಸ್ ಕೇಳಲು ಹೋದಾಗ ಅವರಿಗೆ ಒಂದು ನೆಪ ಸಿಗುತ್ತದೆ.

ಮಳೆಗಾಲದ ಗಿರಾಕಿ · ಮೇ 14, ಬೆಳಗ್ಗೆ 8:50

ಸಕಲೇಶಪುರದ ಕಡೆಯಿಂದ ಒಂದು ಮಾತು. ಕಾನೂನು ಬಿಡಿ, ನಮ್ಮ ಕಡೆ ಸಂಜೆ ಆರರ ಮೇಲೆ ಆನೆ ರಸ್ತೆಗೆ ಬರುತ್ತದೆ. ಫಟ್ ಫಟ್ ಸೈಲೆನ್ಸರ್ ಹಾಕಿಕೊಂಡು ಹೋದವನಿಗೆ ಪಕ್ಕದ ತೋಟದಲ್ಲಿ ಕೊಂಬೆ ಮುರಿಯುವ ಶಬ್ದ ಕೇಳುವುದಿಲ್ಲ. ನಮಗೆ ಆ ಶಬ್ದವೇ ಹಾರ್ನ್ ಇದ್ದ ಹಾಗೆ.

ಫೈನಲ್ ಇಯರ್ ಹುಡುಗ · ಮೇ 14, ಬೆಳಗ್ಗೆ 9:30

ಸರಿ ಸರಿ, ಹಳೆ ಸೈಲೆನ್ಸರ್ ಅಟ್ಟದ ಮೇಲೆ ಇದೆ, ನೋಡುತ್ತೇನೆ.

ಅತ್ತಿಗುಂಡಿ ಏರು · ಮೇ 18, ಸಂಜೆ 5:45

ಭಾನುವಾರ ಬಿಚ್ಚಿದೆ. ಪಕ್ಕದ ತೋಟದಲ್ಲಿ ಜೀಪು, ಮೋಟರ್ ರಿಪೇರಿ ಮಾಡುವ ಒಬ್ಬರಿದ್ದಾರೆ, ಅವರನ್ನು ಕೂರಿಸಿಕೊಂಡೆ. ಒಬ್ಬನೇ ಆಗಿದ್ದರೆ ಧೈರ್ಯ ಬರುತ್ತಿರಲಿಲ್ಲ.

ಕವರ್ ತೆಗೆದ ಕೂಡಲೇ ಒಳಗಿಂದ ಒಂದು ಹಿಡಿ ಕಪ್ಪು ಪುಡಿ ಬಿತ್ತು. ಬೆಲ್ಟಿನ ಪುಡಿಯಂತೆ. ಊದಬೇಡಿ, ಕ್ಲಚ್ ಶೂ ಪುಡಿಯೂ ಅದರಲ್ಲೇ ಇರುತ್ತದೆ ಅಂತ ಅವರು ಬೈದು, ಒದ್ದೆ ಬಟ್ಟೆಯಲ್ಲಿ ಒರೆಸಿದರು. ಬೆಲ್ಟನ್ನು ಹಿಂದಕ್ಕೆ ಬಗ್ಗಿಸಿ ನೋಡಿದರೆ ಹಲ್ಲುಗಳ ಬುಡದಲ್ಲಿ ಸಣ್ಣ ಸಣ್ಣ ಬಿರುಕು.

ವೇರಿಯೇಟರ್ ಬಿಚ್ಚಿ ರೋಲರ್ ಅಂಗೈಗೆ ಸುರಿದುಕೊಂಡೆ. ಆರರಲ್ಲಿ ನಾಲ್ಕು ಚಪ್ಪಟೆ. ಒಂದರ ನೈಲಾನ್ ಪೂರ್ತಿ ಹರಿದು ಒಳಗಿನ ಲೋಹ ಕಾಣುತ್ತಿತ್ತು. ಸೋಮವಾರ ಮಾರ್ಕೆಟ್ ರೋಡಲ್ಲಿ ಪರಿಚಯದ ಚಿನ್ನದ ಅಂಗಡಿಗೆ ತೆಗೆದುಕೊಂಡು ಹೋಗಿ ತೂಕ ಹಾಕಿಸಿದೆ. ಬಳೆ ತೂಗುವ ತಟ್ಟೆಯಲ್ಲಿ ಈ ಕಪ್ಪು ಉಂಡೆ ಇಟ್ಟಾಗ ಅವರ ಮುಖ ನೋಡಬೇಕಿತ್ತು. ಆರಕ್ಕೆ ಆರೂ ಬೇರೆ ಬೇರೆ ತೂಕ, ಎಲ್ಲಕ್ಕಿಂತ ಭಾರದ್ದಕ್ಕೂ ಹಗುರದ್ದಕ್ಕೂ ಒಂದು ಗ್ರಾಂಗಿಂತ ಜಾಸ್ತಿ ವ್ಯತ್ಯಾಸ.

ಅಂದರೆ ಹಗುರ ರೋಲರ್ ನನ್ನ ಗಾಡಿಯಲ್ಲಿ ಆಗಲೇ ಇತ್ತು.

ಹಿಂದಿನ ರಾಟೆ ಸ್ಪ್ಯಾನರ್ ಅವರು ಹೇಳಿದ ಹಾಗೇ ಇದೆ. ಗ್ರೀಸ್ ಒಣಗಿ ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಆಗಿದೆ. ಕೈಯಲ್ಲಿ ತಿರುಗಿಸಿದರೆ ಕಟಕ್ ಅಂತ ಹಿಡಿದು ಹಿಡಿದು ತಿರುಗುತ್ತದೆ.

ಸಾಮಾನು ತರಬೇಕು. ಜೋಡಿಸುವಾಗ ಏನು ಹುಷಾರು?

10-12 ಸ್ಪ್ಯಾನರ್ · ಮೇ 18, ರಾತ್ರಿ 9:10

ಬೆಲ್ಟು, ಆರು ರೋಲರ್, ಮೂರು ಸ್ಲೈಡ್ ಪೀಸ್ (ವೇರಿಯೇಟರ್ ಒಳಗಿನ ಸಣ್ಣ ಪ್ಲಾಸ್ಟಿಕ್ ತುಂಡುಗಳು), ಹಿಂದಿನ ರಾಟೆಯ ಸೀಲುಗಳು ತನ್ನಿ. ಒರಿಜಿನಲ್ ತನ್ನಿ, ಬೆಲ್ಟಲ್ಲಿ ಉಳಿತಾಯ ಬೇಡ. ರೋಲರ್ ಓಡುವ ಜಾಗಕ್ಕೆ ಗ್ರೀಸ್ ಬಳಿಯಬೇಡಿ, ಈ ಗಾಡಿಯಲ್ಲಿ ಅದು ಒಣಗೇ ಇರಬೇಕು. ಗ್ರೀಸ್ ಹಿಂದಿನ ರಾಟೆಯ ಪಿನ್ನಿಗೆ ಮಾತ್ರ, ಅದೂ ಶಾಖ ತಡೆಯುವ ಗ್ರೀಸ್, ಅಳತೆಯಲ್ಲಿ. ಬೆಲ್ಟ್ ಉಜ್ಜುವ ಮುಖಕ್ಕೆ ಒಂದು ತೊಟ್ಟೂ ತಾಗಬಾರದು. ಪೆಟ್ರೋಲಲ್ಲಿ ಒರೆಸಿ ಒಣಗಿಸಿ.

ಇನ್ನು ಹೆಚ್ಚಿನವರು ತಪ್ಪುವ ಜಾಗ. ಹೊಸ ಬೆಲ್ಟ್ ಹಾಕುವಾಗ ಹಿಂದಿನ ರಾಟೆಯ ಪ್ಲೇಟ್‌ಗಳನ್ನು ಕೈಯಲ್ಲಿ ಬಿಡಿಸಿ ಬೆಲ್ಟನ್ನು ಅದರ ಹೊಟ್ಟೆಯೊಳಕ್ಕೆ ಚೆನ್ನಾಗಿ ಒತ್ತಿ. ಆಗ ಮುಂದೆ ಬೆಲ್ಟ್ ಸಡಿಲ ಜೋತು ಬೀಳುತ್ತದೆ. ಹಾಗೆ ಮಾಡದೆ ಮುಂದಿನ ಪ್ಲೇಟ್ ಹಾಕಿ ನಟ್ ಬಿಗಿದರೆ, ಪ್ಲೇಟ್ ಕ್ರ್ಯಾಂಕಿನ ಹಲ್ಲಿನ ಮೇಲೆ ಪೂರ್ತಿ ಕೂರುವುದಿಲ್ಲ, ಮಧ್ಯೆ ಬೆಲ್ಟ್ ಸಿಕ್ಕಿಕೊಂಡಿರುತ್ತದೆ. ನಟ್ ಟೈಟ್ ಆದ ಹಾಗೇ ಅನಿಸುತ್ತದೆ. ನೂರು ಕಿ.ಮೀ. ಓಡಿದ ಮೇಲೆ ಸಡಿಲ ಆಗಿ ಕ್ರ್ಯಾಂಕಿನ ಹಲ್ಲೇ ಸವೆದುಹೋಗುತ್ತದೆ. ಆಮೇಲೆ ಇಂಜಿನ್ ಇಳಿಸಬೇಕು. ಬಿಗಿಯುವ ಮೊದಲು ಬೆಲ್ಟ್ ಕೈಯಲ್ಲಿ ಅಲ್ಲಾಡುತ್ತದಾ ನೋಡಿ.

ನಟ್ ಬಿಚ್ಚಲು ಪ್ಲೇಟಿನ ರೆಕ್ಕೆಗಳ ಮಧ್ಯೆ ಸ್ಕ್ರೂ ಡ್ರೈವರ್ ಸಿಕ್ಕಿಸಬೇಡಿ, ಮುರಿಯುತ್ತವೆ. ಹೋಲ್ಡರ್ ಟೂಲ್ ಸಿಗುತ್ತದೆ.

ಎಲ್ಲ ಆದ ಮೇಲೆ ಮುಂದಿನ ಪ್ಲೇಟ್ ಮೇಲೆ ಮಾರ್ಕರ್ ಪೆನ್ನಲ್ಲಿ ಒಳಗಿಂದ ಹೊರಕ್ಕೆ ಒಂದು ಗೆರೆ ಎಳೆದು, ಕವರ್ ಮುಚ್ಚಿ, ಏರು–ಸಪಾಟು ಎರಡೂ ಓಡಿಸಿ ಬಂದು ಬಿಚ್ಚಿ ನೋಡಿ. ಗೆರೆ ಎಲ್ಲಿಂದ ಎಲ್ಲಿವರೆಗೆ ಅಳಿಸಿದೆಯೋ ಅಷ್ಟು ಜಾಗದಲ್ಲಿ ಬೆಲ್ಟ್ ಓಡಾಡಿದೆ ಅಂತ ಅರ್ಥ. ಎರಡು ರೂಪಾಯಿ ಪರೀಕ್ಷೆ.

ಪ್ಲಗ್ ಕಪ್ಪು ಅಂದಿರಲ್ಲ, ಏರ್ ಫಿಲ್ಟರ್ ನೋಡಿ. ಆಕ್ಟಿವಾದ್ದು ಎಣ್ಣೆ ಹಚ್ಚಿದ ಪೇಪರ್ ಫಿಲ್ಟರ್. ಅದಕ್ಕೆ ಏರ್ ಹೊಡೆಯಬಾರದು, ತೊಳೆಯಲೂಬಾರದು, ಬದಲಿಸಬೇಕು ಅಷ್ಟೇ. ಪ್ರತಿ ಸರ್ವಿಸಲ್ಲೂ ಏರ್ ಹೊಡೆದು "ಕ್ಲೀನ್ ಮಾಡಿದ್ದೀವಿ" ಅನ್ನುವವರಿದ್ದಾರೆ. ಎತ್ತರಕ್ಕೆ ಹೋದ ಹಾಗೆ ಗಾಳಿ ಮೊದಲೇ ಕಮ್ಮಿ, ಅದರ ಮೇಲೆ ಫಿಲ್ಟರೂ ಕಟ್ಟಿದರೆ ಪೆಟ್ರೋಲ್ ಜಾಸ್ತಿ ಆಗಿ ಪ್ಲಗ್ ಮಸಿ ಹಿಡಿಯುತ್ತದೆ.

ಅತ್ತಿಗುಂಡಿ ಏರು · ಮೇ 19, ಬೆಳಗ್ಗೆ 6:40

ಏರ್ ಫಿಲ್ಟರ್ ಡಬ್ಬಿ ಬಿಚ್ಚಿದೆ. ಒಳಗೆ ಹುಲ್ಲು, ಗೋಣಿಚೀಲದ ದಾರ, ಸಿಲ್ವರ್ ಓಕ್ ಎಲೆ. ಇಲಿ ಸಂಸಾರ ಮಾಡಿ ಹೋಗಿದೆ.

ಅರೇಬಿಕಾ ಅಕ್ಕ · ಮೇ 19, ಬೆಳಗ್ಗೆ 7:15

ತೋಟದ ಗಾಡಿಗಳ ಹಣೆಬರಹ ಇದು. ನಾನು ಡಿಕ್ಕಿಯಲ್ಲಿ ಬಟ್ಟೆಗೆ ಸುತ್ತಿ ನುಸಿಗುಳಿಗೆ ಇಡುತ್ತೇನೆ. ಹೋದ ವರ್ಷ ಸೀಟಿನ ಕೆಳಗಿನ ವೈರೇ ಕಡಿದಿತ್ತು, ಇಂಡಿಕೇಟರ್ ಹಾಕಿದರೆ ಹಾರ್ನ್ ಹೊಡೆಯುತ್ತಿತ್ತು.

ಎಲ್ಲರೂ ಹತ್ತುವುದರ ಬಗ್ಗೆ ಬರೆದಿರಿ. ಇಳಿಯುವುದರ ಬಗ್ಗೆ ನಾನು ಬರೆಯುತ್ತೇನೆ. ಗಾಡಿ ಹತ್ತದಿದ್ದರೆ ಇಳಿದು ತಳ್ಳಬಹುದು. ಬ್ರೇಕ್ ಹೋದರೆ ಏನು ಮಾಡುತ್ತೀರಿ?

ಎರಡು ವರ್ಷದ ಹಿಂದೆ, ಕಾಫಿ ಕೊಯ್ಲಿನ ಸಮಯ. ಗಿರಿ ರಸ್ತೆಯಲ್ಲಿ ಇಳಿಯುತ್ತಿದ್ದೆ, ಹಿಂದೆ ತಂಗಿ. ಮುಂದೆ ಟೂರಿಸ್ಟ್ ವ್ಯಾನ್ ನಿಧಾನ ಹೋಗುತ್ತಿತ್ತು. ಅದರ ಹಿಂದೆ ನಾನೂ 15ರಲ್ಲಿ, ಎಡಗೈ ಬ್ರೇಕ್ ಹಿಡಿದೇ ಇದ್ದೆ. ನಾಲ್ಕೈದು ತಿರುವು ಆದ ಮೇಲೆ ಸುಟ್ಟ ವಾಸನೆ. ವ್ಯಾನಿನದ್ದು ಅಂದುಕೊಂಡೆ. ಮುಂದಿನ ತಿರುವಲ್ಲಿ ಲಿವರ್ ಹಿಡಿದರೆ ಹ್ಯಾಂಡಲ್ ಗ್ರಿಪ್‌ಗೆ ಬಂದು ತಾಗಿತು, ಗಾಡಿ ನಿಲ್ಲಲಿಲ್ಲ. ಬಲಗಡೆ ಗುಡ್ಡದ ಬುಡದ ಚರಂಡಿಗೆ ಗಾಡಿ ಹಾಕಿದೆ. ಮೊಣಕಾಲು ತರಚಿತು, ಅಷ್ಟೇ. ಎಡಗಡೆ ಏನಿತ್ತು ಅಂತ ಗಿರಿ ರಸ್ತೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ.

ಮೆಕ್ಯಾನಿಕ್ ಡ್ರಮ್ ಬಿಚ್ಚಿದಾಗ ಶೂ ಗಾಜಿನ ಹಾಗೆ ಹೊಳೆಯುತ್ತಿತ್ತು. ಡ್ರಮ್ ಬ್ರೇಕ್ ಹಿಡಿದೇ ಇದ್ದರೆ ಶಾಖ ಹೊರಗೆ ಹೋಗಲು ಜಾಗ ಇಲ್ಲ. ನಮ್ಮ ಗಾಡಿಗಳಲ್ಲಿ ಡ್ರಮ್ ಅಂದರೆ 130 ಮಿ.ಮೀ., ಒಂದು ಊಟದ ತಟ್ಟೆಯಷ್ಟೂ ಇಲ್ಲ.

10-12 ಸ್ಪ್ಯಾನರ್ · ಮೇ 19, ಮಧ್ಯಾಹ್ನ 1:30

ಅಕ್ಕ ಹೇಳಿದ 15ರ ವೇಗವೇ ಅಲ್ಲಿ ಕೆಲಸ ಕೆಡಿಸಿದ್ದು. ಸ್ಕೂಟರ್ ಕ್ಲಚ್ ತಿರುಗುವ ವೇಗಕ್ಕೆ ಹಿಡಿಯುವಂಥದ್ದು. ವೇಗ ಸುಮಾರು 15ಕ್ಕಿಂತ ಕೆಳಗೆ ಬಂದರೆ ಕ್ಲಚ್ ಶೂಗಳು ಬೆಲ್ ಅನ್ನು, ಅಂದರೆ ಚಕ್ರಕ್ಕೆ ಸೇರಿದ ಹೊರಗಿನ ಬಟ್ಟಲನ್ನು, ಬಿಟ್ಟುಬಿಡುತ್ತವೆ. ಆಗ ಇಂಜಿನ್‌ಗೂ ಚಕ್ರಕ್ಕೂ ಸಂಬಂಧವೇ ಇಲ್ಲ, ಸೈಕಲ್ ಇಳಿದ ಹಾಗೆ. ಇಂಜಿನ್ ಬ್ರೇಕ್ ಸೊನ್ನೆ, ಪೂರ್ತಿ ಭಾರ ಡ್ರಮ್ ಮೇಲೆ.

ಇಳಿಜಾರಿನಲ್ಲಿ ಗಾಡಿ ಹಗುರ ಆಗಿ ಓಡುತ್ತಿದೆ ಅನಿಸಿದರೆ ಒಂದು ಕ್ಷಣ ಆಕ್ಸಿಲರೇಟರ್ ಸ್ವಲ್ಪ ತಿರುಗಿಸಿ ಬಿಡಿ. ಕ್ಲಚ್ ಹಿಡಿಯುತ್ತದೆ, ಇಂಜಿನ್ ಗಾಡಿಯನ್ನು ತಡೆಯಲು ಶುರು ಮಾಡುತ್ತದೆ. ರಸ್ತೆ ಅವಕಾಶ ಕೊಟ್ಟರೆ 20–25ರಲ್ಲಿ ಇಳಿಯಿರಿ. ಬ್ರೇಕ್ ಹಿಡಿದುಕೊಂಡೇ ಇರಬೇಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಪೂರ್ತಿ ಬಿಡಿ. ಎರಡು ಕೈಯಲ್ಲೂ ಹಿಡಿಯಿರಿ, ಎಡಗೈಗೆ ಎರಡೂ ಚಕ್ರ ಹಿಡಿಯುವ ಕಾಂಬಿ ಬ್ರೇಕ್ ಇದೆ ಅಂತ ಮುಂದಿನದನ್ನು ಮರೆಯಬೇಡಿ. ಮುಂದಿನ ವಾಹನ ತೀರಾ ನಿಧಾನ ಇದ್ದರೆ ಪಕ್ಕಕ್ಕೆ ಹಾಕಿ ಐದು ನಿಮಿಷ ನಿಂತು ಹೊರಡಿ. ಬಿಸಿಯಾದ ಡ್ರಮ್ಮಿಗೆ ನೀರು ಹಾಕಬೇಡಿ.

ಪೆಟ್ರೋಲ್ ಉಳಿಸಲು ಕೀ ಆಫ್ ಮಾಡಿ ಇಳಿಯುವವರೂ ಇದ್ದಾರೆ. ಇಡೀ ಇಳಿಜಾರಿಗೆ ಉಳಿಯುವುದು ಒಂದು ಟೀ ಕಾಸೂ ಅಲ್ಲ. ಹ್ಯಾಂಡಲ್ ಲಾಕ್ ಇರುವುದೂ ಅದೇ ಕೀಯಲ್ಲಿ, ನೆನಪಿರಲಿ.

ಚೇತಕ್ ಮೇಷ್ಟ್ರು · ಮೇ 19, ಸಂಜೆ 4:00

ಟೂ ಸ್ಟ್ರೋಕ್‌ನಲ್ಲಿ ಇದರ ಉಲ್ಟಾ ಪಾಠ ಕಲಿತವನು ನಾನು. ನನ್ನ ಚೇತಕ್ 1991ರದ್ದು. ಪೆಟ್ರೋಲಿಗೇ ಆಯಿಲ್ ಬೆರೆಸುವುದು, ಲೀಟರಿಗೆ 20 ಮಿ.ಲೀ. ಅಂದರೆ ಇಂಜಿನ್‌ಗೆ ಪೆಟ್ರೋಲ್ ಹೋದರೆ ಮಾತ್ರ ಆಯಿಲ್ ಹೋಗುತ್ತದೆ.

ಆಗ ಹೊಸ ಹುರುಪು. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಚಾರ್ಮಾಡಿ ಇಳಿಯುತ್ತಿದ್ದೆ. ಎರಡನೇ ಗೇರ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಮುಚ್ಚಿ, ಇಂಜಿನ್ ಬ್ರೇಕಲ್ಲೇ ಸುಮಾರು ದೂರ ಇಳಿದೆ. ಬಹಳ ಬುದ್ಧಿವಂತ ಅಂದುಕೊಂಡಿದ್ದೆ. ಇಂಜಿನ್ ಜೋರಾಗಿ ತಿರುಗುತ್ತಿದೆ, ಒಳಗೆ ಹೋಗುವ ಪೆಟ್ರೋಲ್ ತೀರಾ ಕಮ್ಮಿ, ಆಯಿಲೂ ಅಷ್ಟೇ. ಒಂದು ತಿರುವಲ್ಲಿ ಕೀಂಚ್ ಅಂತ ಹಿಂದಿನ ಚಕ್ರ ಲಾಕ್. ಕ್ಲಚ್ ಹಿಡಿದದ್ದಕ್ಕೆ ಉಳಿದೆ. ಪಿಸ್ಟನ್ ಜಾಮ್. ಅರ್ಧ ಗಂಟೆ ತಣ್ಣಗಾದ ಮೇಲೆ ಕಿಕ್ಕರ್ ಬಿಟ್ಟುಕೊಟ್ಟಿತು. ಊರಿಗೆ ಬಂದು ರಿಬೋರ್ ಮಾಡಿಸಿದೆ.

ಈಗಲೂ ಇಳಿಯುವಾಗ ಪ್ರತಿ ತಿರುವಿಗೂ ಕ್ಲಚ್ ಹಿಡಿದು ಒಮ್ಮೆ ಆಕ್ಸಿಲರೇಟರ್ ಕೊಡುತ್ತೇನೆ. ಹಿಂದೆ ಕೂತವರು ಯಾಕೆ ಅಂತ ಕೇಳುತ್ತಾರೆ, ಉತ್ತರ ಉದ್ದ, ಸುಮ್ನೆ ಇರುತ್ತೇನೆ.

ಇನ್ನೊಂದು, ಈಗ ಬಂಕಲ್ಲಿ ಬರುವುದು ನೂರಕ್ಕೆ ಇಪ್ಪತ್ತು ಎಥನಾಲ್ ಇರುವ ಪೆಟ್ರೋಲ್. ಅದು ಗಾಳಿಯಲ್ಲಿನ ತೇವ ಹೀರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವ ಹಳೆ ಗಾಡಿ ಇದ್ದರೆ ಕಾರ್ಬುರೇಟರ್ ಬೌಲ್ ಖಾಲಿ ಮಾಡಿ ಇಡಿ. ನನ್ನದರ ರಬ್ಬರ್ ಪೈಪು ಮೆತ್ತಗಾಗಿ ಬದಲಿಸಿದೆ.

ಕರೆಂಟ್ ಗಾಡಿ · ಮೇ 19, ರಾತ್ರಿ 8:20

ನಾನು ನರ್ಸ್, ಆಲ್ದೂರಿನಿಂದ ಪೇಟೆಗೆ ಐಕ್ಯೂಬ್ ಕರೆಂಟ್ ಸ್ಕೂಟರಲ್ಲಿ ಓಡಾಡುತ್ತೇನೆ. ಬೆಲ್ಟ್ ಇಲ್ಲ, ರೋಲರ್ ಇಲ್ಲ, ಮೋಟಾರು ಚಕ್ರದಲ್ಲೇ ಇದೆ. ಎತ್ತರಕ್ಕೆ ಹೋದರೂ ಎಳೆತ ಕಮ್ಮಿ ಆಗುವುದಿಲ್ಲ, ಗಾಳಿ ಬೇಡವಲ್ಲ ಅದಕ್ಕೆ. ಏರಿನಲ್ಲಿ ಚಾರ್ಜ್ ಮಾತ್ರ ನೋಡ ನೋಡುತ್ತಾ ಇಳಿಯುತ್ತದೆ. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋದರೆ ನಾನು ಬಸ್ಸಿಗೆ ಕಾಯುತ್ತೇನೆ, ನೀವು ಟಾಟಾ ಮಾಡಿಕೊಂಡು ಹೋಗಿ.

ಮಳೆಗಾಲದ ಗಿರಾಕಿ · ಮೇ 20, ಬೆಳಗ್ಗೆ 9:00

ಹೆಸರಿಗೆ ತಕ್ಕ ಹಾಗೆ ಮಳೆ ಬಗ್ಗೆ ಒಂದೆರಡು ಮಾತು. ನೀರು ಹರಿಯುವ ರಸ್ತೆಯಲ್ಲಿ ಅರ್ಧ ಚಕ್ರ ಮುಳುಗಿದರೆ ಬೆಲ್ಟ್ ಕವರ್ ಒಳಗೆ ನೀರು ಹೋಗುತ್ತದೆ. ಆಗ ಇಂಜಿನ್ ಕಿರಚುತ್ತದೆ, ಗಾಡಿ ಹೋಗಲ್ಲ. ಗಾಬರಿಯಾಗಿ ಎಳೆಯಬೇಡಿ, ಬೆಲ್ಟ್ ಸುಡುತ್ತದೆ. ಪಕ್ಕಕ್ಕೆ ನಿಲ್ಲಿಸಿ ಹತ್ತು ನಿಮಿಷ ಐಡಲ್‌ನಲ್ಲಿ ಬಿಡಿ. ಆಮೇಲೂ ಜಾರಿದರೆ ಕವರ್ ಬಿಚ್ಚಿ ಒರೆಸಬೇಕು. ಗೇರ್ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲೂ ನೀರು ಸೇರಿದೆ ಅಂತ.

ಟೈರ್ ನುಣ್ಣಗಾಗಿದ್ದರೆ ಈಗಲೇ ಬದಲಿಸಿ. ಹತ್ತು ಇಂಚಿನ ಚಕ್ರ, ಕೊಳೆತ ಎಲೆ, ಪಾಚಿ, ಮೂರೂ ಸೇರಿದರೆ ಯಾವ ಬ್ರೇಕೂ ಇಲ್ಲ.

10-12 ಸ್ಪ್ಯಾನರ್ · ಮೇ 20, ಬೆಳಗ್ಗೆ 9:40

ಗೇರ್ ಆಯಿಲ್ ನೆನಪಿಸಿದ್ದು ಒಳ್ಳೆಯದಾಯಿತು. ನೂರು ಚಿಲ್ಲರೆ ಮಿ.ಲೀ. ಅಷ್ಟೇ ಹಿಡಿಯುವುದು, ಅದನ್ನು ಯಾರೂ ಕೇಳಲ್ಲ, ಯಾರೂ ಬದಲಿಸಲ್ಲ. ಇಂಜಿನ್ ಆಯಿಲ್ ಕೊಳ್ಳುವಾಗ ಡಬ್ಬಿ ಹಿಂದೆ ಜಾಸೋ ಎಂಬಿ ಅಂತ ಇರುವುದನ್ನು ತೆಗೆದುಕೊಳ್ಳಿ. ಎಂಎ ಅಂದರೆ ಬೈಕಿಗೆ, ಅದರ ಕ್ಲಚ್ ಆಯಿಲಲ್ಲೇ ಮುಳುಗಿರುತ್ತದೆ, ಜಾರಬಾರದು. ನಮ್ಮ ಸ್ಕೂಟರ್ ಕ್ಲಚ್ ಒಣ ಕ್ಲಚ್, ಹಾಗಾಗಿ ಜಾರುವ ಎಂಬಿ ಆಯಿಲೇ ಒಳ್ಳೆಯದು.

ಅತ್ತಿಗುಂಡಿ ಏರು · ಜೂನ್ 7, ರಾತ್ರಿ 8:30

ತಡವಾಗಿ ಬರೆಯುತ್ತಿದ್ದೇನೆ, ಮೂರು ದಿನ ನೆಟ್‌ವರ್ಕ್ ಇರಲಿಲ್ಲ. ಮಳೆ ಹಿಡಿದಿದೆ.

ಬೆಲ್ಟು, ರೋಲರ್, ಸ್ಲೈಡ್ ಪೀಸ್, ಸೀಲು, ಏರ್ ಫಿಲ್ಟರ್, ಪ್ಲಗ್, ಹಿಂದಿನ ಬ್ರೇಕ್ ಶೂ, ಎರಡೂ ಆಯಿಲ್. ಸಾಮಾನಿಗೆ 2,340 ರೂಪಾಯಿ. ಜೋಡಿಸಿಕೊಟ್ಟವರು ದುಡ್ಡು ಮುಟ್ಟಲಿಲ್ಲ, ಒಂದು ಕೆ.ಜಿ. ಕಾಳುಮೆಣಸು ಕೊಟ್ಟೆ. ಬೆಲ್ಟನ್ನು ಹಿಂದಿನ ರಾಟೆಯ ಹೊಟ್ಟೆಗೆ ಒತ್ತುವುದಕ್ಕೆ ಇಬ್ಬರ ನಾಲ್ಕು ಕೈ ಬೇಕಾಯಿತು.

ಮಾರ್ಕರ್ ಗೆರೆ ಎಳೆದು ಕೈಮರಕ್ಕೆ ಇಳಿದು ಹತ್ತಿ ಬಂದೆ. ಬಿಚ್ಚಿ ನೋಡಿದರೆ ಒಳಗಿನ ತುದಿಯಿಂದ ಹೊರಗೆ ಒಂದು ಬೆರಳು ಬಿಟ್ಟು ಪೂರ್ತಿ ಅಳಿಸಿದೆ. ಇಬ್ಬರು ಕೂತು, ಚೀಲ ಇಟ್ಟುಕೊಂಡು, ಅದೇ ಹೇರ್‌ಪಿನ್‌ನಲ್ಲಿ 28. ಮೇಷ್ಟ್ರ ಲೆಕ್ಕಕ್ಕೆ ಎರಡು ಕಮ್ಮಿ.

ಹಗುರ ರೋಲರ್ ವಿಷಯ ಬಿಟ್ಟೆ. ಇಳಿಯುವಾಗ ಆಕ್ಸಿಲರೇಟರ್ ಒಮ್ಮೆ ಕೊಟ್ಟು ಬಿಡುವುದು ಅಭ್ಯಾಸ ಆಗಿದೆ. ಮೊದಲು ಇದು ಗೊತ್ತಿಲ್ಲದೆ ಇಷ್ಟು ವರ್ಷ ಹೇಗೆ ಇಳಿದೆನೋ.

ಹಳೆ ರೋಲರ್‌ಗಳನ್ನು ಮಗಳು ಗೋಲಿ ಮಾಡಿಕೊಂಡಿದ್ದಾಳೆ. ನೆಲದ ಮೇಲೆ ಉರುಳಿಸಿದರೆ ಅರ್ಧ ಸುತ್ತು ಹೋಗಿ ಟಕ್ ಅಂತ ಚಪ್ಪಟೆ ಮೇಲೆ ಕೂರುತ್ತವೆ. ಇದು ಕೆಟ್ಟ ಗೋಲಿ ಅಪ್ಪ ಅಂದಳು.

ಚೇತಕ್ ಮೇಷ್ಟ್ರು · ಜೂನ್ 7, ರಾತ್ರಿ 8:52

ಎರಡು ಕಮ್ಮಿ ಆದದ್ದು ಸಂತೆ ಚೀಲದ್ದು. ನಾನು ಹತ್ತೇ ಕೆ.ಜಿ. ಹಿಡಿದಿದ್ದೆ.

ಜುಪಿಟರ್ 2019 · ಜೂನ್ 9, ಬೆಳಗ್ಗೆ 10:10

ಪೂರ್ತಿ ಓದಿದೆ. ನನ್ನ ಜುಪಿಟರ್ ಬೆಳಗ್ಗೆ ಹೊರಡುವಾಗ ಗಡಗಡ ನಡುಗುತ್ತದೆ, ಬಿಸಿ ಆದ ಮೇಲೆ ಸರಿ ಹೋಗುತ್ತದೆ. ಇದಕ್ಕೂ ರೋಲರಾ?

10-12 ಸ್ಪ್ಯಾನರ್ · ಜೂನ್ 9, ಮಧ್ಯಾಹ್ನ 1:45

ಅಲ್ಲ, ಅದು ಹೆಚ್ಚಾಗಿ ಕ್ಲಚ್ ಶೂ ಮೇಲೆ ಹೊಳಪು ಬಂದು ಪುಡಿ ಕೂತಿರುವುದು. ಬೇರೆ ಥ್ರೆಡ್ ಮಾಡಿ, ಎಷ್ಟು ಓಡಿದೆ ಅಂತ ಬರೆಯಿರಿ. ಫೋಟೋ ಹಾಕಿ, ಕ್ಲಚ್ ಬೆಲ್‌ನ ಒಳಗಡೆಯದ್ದೂ.